ಅಗರ ಎಲ್ಲಿದೆ ಎಂದು ಯಂತ್ರಕ್ಕೆ ಹೇಳುವವರು ಯಾರು?

ಬೆಂಗಳೂರಿನಲ್ಲಿ ಬಂದು ಕೂತಿರುವ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಗೆಳೆಯರೇ, ಒಂದು ಕೆಲಸ ಮಾಡಿ. ಜೇಬಿನಲ್ಲಿರುವ ಮೊಬೈಲ್ ತೆಗೆದು ಗೂಗಲ್‌ನಲ್ಲಿ ‘ಅಗರ’ ಎಂದು ಬಡಿಯಿರಿ. ಎಚ್‌ಎಸ್‌ಆರ್ ಬಡಾವಣೆ ಪಕ್ಕದ ಅಗರ ಕೆರೆ ಎದ್ದು ಬಂದರೆ ಆಶ್ಚರ್ಯಪಡಬೇಡಿ. ಕನಕಪುರ ರಸ್ತೆಯ ಕಡೆ ಇನ್ನೊಂದು ಅಗರವಿದೆ, ಅದೂ ಇಣುಕಬಹುದು. ಇಂಗ್ಲಿಷಿನಲ್ಲಿ ಬಡಿಯುವಾಗ ನಡುವಿನ ಒಂದು ‘ಎ’ ಬಿಟ್ಟಿರೋ, ನೇರ ತಾಜಮಹಲಿನ ಮುಂದೆ ಹೋಗಿ ನಿಲ್ಲುತ್ತೀರಿ! ಅಗ್ರಹಾರ ಸವೆದು ಸವೆದು ಅಗರವಾದ ಊರು ಕನ್ನಡನಾಡಿನಲ್ಲಿ ಒಂದೆರಡಲ್ಲ. ಆ ಗುಂಪಿನೊಳಗೆ ನಿಮ್ಮ ಅಗರ, ಮಾಂಬಳ್ಳಿಯ ಜೋಡಿ ಅಗರ, ಬಿಳಿಗಿರಿರಂಗನ ಬೆಟ್ಟವನ್ನು ಕಣ್ಣೆದುರಿಗೇ ಇಟ್ಟುಕೊಂಡಿರುವ ಅಗರ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ ಸ್ವಾಮಿ. ಅಲ್ಲೇ ಇದೆ. ಅದು ಅಲ್ಲಿದೆ ಎಂದು ಯಂತ್ರಕ್ಕೆ ತಿಳಿಯುವ ಹಾಗೆ ಹೇಳಿದವರಿಲ್ಲ, ಅಷ್ಟೇ.

ಹಾಗೆಂದು ಊರಿನವರು ವೆಬ್‌ಸೈಟ್ ಮಾಡಿಲ್ಲವೆಂದೇನೂ ಅಲ್ಲ. ಈಗ ಯಾವ ಊರಿನಲ್ಲಿ ಇಲ್ಲ? ಅಕ್ಕಿ ಗಿರಣಿಗೆ ಒಂದು, ದೇವಸ್ಥಾನಕ್ಕೆ ಒಂದು, ಬೆಟ್ಟದ ದಾರಿಯ ಹೋಮ್‌ಸ್ಟೇಗೆ ಒಂದು, ಹಳೇ ವಿದ್ಯಾರ್ಥಿಗಳ ಸಂಘಕ್ಕೆ ಒಂದು. ಮಾಡಿಕೊಟ್ಟವರು ಯಾರು? ನೀವೇ. ಬೆಂಗಳೂರಿನ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಊರಿನ ಹುಡುಗ, ಹುಡುಗಿ. ರಜೆಯಲ್ಲಿ ಊರಿಗೆ ಹೋದಾಗ ಅಪ್ಪನೋ ಚಿಕ್ಕಪ್ಪನೋ ‘ನಮಗೂ ಒಂದು ಮಾಡ್ಕೊಡಪ್ಪ’ ಎಂದಿರುತ್ತಾರೆ. ನೀವು ಒಂದು ಸಂಜೆ ಕೂತು ಸಿದ್ಧ ಟೆಂಪ್ಲೇಟ್ ಹಾಕಿ, ನಾಲ್ಕು ಫೋಟೋ ಏರಿಸಿ, ವಾಟ್ಸಾಪ್‌ನಲ್ಲಿ ಕೊಂಡಿ ಕಳಿಸಿ ಕೈ ತೊಳೆದುಕೊಂಡಿರುತ್ತೀರಿ. ಆ ಕೊಂಡಿ ಗೊತ್ತಿದ್ದ ಇಪ್ಪತ್ತು ಜನ ನೋಡಿ ಶಭಾಷ್ ಅಂದರು. ಇಪ್ಪತ್ತೊಂದನೆಯವನು ಬರಲೇ ಇಲ್ಲ!

ಬರುವುದು ಹೇಗೆ? ಆ ಸೈಟಿನ ಟೈಟಲ್ ಏನೆಂದು ಇಟ್ಟಿದ್ದೀರಿ, ಹೇಳಿ ನೋಡೋಣ. ನೆನಪಿಲ್ಲವೇ? ನಾವು ಹೇಳುತ್ತೇವೆ. ‘ಹೋಮ್’. ಅದೂ ಇಂಗ್ಲಿಷಿನಲ್ಲಿ. ಇನ್ನೂ ಸ್ವಲ್ಪ ಶ್ರದ್ಧೆ ಇದ್ದವರು ‘ವೆಲ್‌ಕಮ್ ಟು ಅವರ್ ವೆಬ್‌ಸೈಟ್’ ಎಂದಿಟ್ಟಿರುತ್ತಾರೆ.

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕದ ಹೋರಾಟ ನಡೆಯಿತು. ಇಂಗ್ಲಿಷ್ ಬೋರ್ಡುಗಳಿಗೆ ಮಸಿ ಬಿತ್ತು, ಕೆಲವು ಪುಡಿಯಾದವು, ಹೋರಾಟಗಾರರು ಜೈಲಿಗೂ ಹೋದರು. ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯೇ ಆಯಿತು. ಒಳ್ಳೆಯದು. ಆದರೆ ಆ ಹೋರಾಟಕ್ಕೆ ಜೈಕಾರ ಹಾಕಿದ ನಿಮ್ಮದೇ ಕೈಯಲ್ಲಿ ತಯಾರಾದ ಜಾಲತಾಣದ ಬೋರ್ಡು ಯಾವ ಭಾಷೆಯಲ್ಲಿದೆ? ಟೈಟಲ್ ಎಂದರೆ ಬೋರ್ಡೇ. ಹುಡುಕಿದವನ ಕಣ್ಣಿಗೆ ಸಾಮಾನ್ಯವಾಗಿ ಬೀಳುವ ನೀಲಿ ಅಕ್ಷರದ ಮೊದಲ ಸಾಲು ಅದೇ. ಬೀದಿ ಬೋರ್ಡಿಗೆ 60, ನಿಮ್ಮ ಟೈಟಲ್ಲಿಗೆ ಸೊನ್ನೆ! ಇದಕ್ಕೆ ಯಾವ ಕಾನೂನೂ ಅಡ್ಡ ಬಂದಿಲ್ಲ, ಯಾವ ಕಂಪನಿಯೂ ಬೇಡ ಎಂದಿಲ್ಲ, ಪೈಸೆ ಖರ್ಚಿಲ್ಲ.

ಹುಡುಕು ಯಂತ್ರ ಕೆಲಸ ಮಾಡುವುದು ಹೇಗೆಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಜನಗಣತಿಗೆ ಬರುವ ಮೇಷ್ಟ್ರನ್ನು ನೆನೆಸಿಕೊಳ್ಳಿ. ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಮನೆ ಮನೆಗೆ ಬರುತ್ತಾರೆ. ಹೆಸರು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಪಕ್ಕದ ಮನೆ ಯಾವ ಕಡೆ ಎಂದು ಕೇಳಿ ಹೋಗುತ್ತಾರೆ. ಗೂಗಲ್‌ನ ಬಾಟ್ ಮಾಡುವುದೂ ಅದನ್ನೇ. ಒಂದು ಪುಟಕ್ಕೆ ಬರುತ್ತದೆ, ಅಲ್ಲಿರುವ ಅಕ್ಷರ ಓದುತ್ತದೆ, ದಾಖಲೆಗೆ ಸೇರಿಸುತ್ತದೆ, ಅಲ್ಲಿರುವ ಕೊಂಡಿ ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ನೀವು ಹುಡುಕಿದಾಗ ಗೂಗಲ್ ಇಡೀ ಜಗತ್ತನ್ನು ತಡಕುವುದಿಲ್ಲ, ಆ ದಾಖಲೆ ಪುಸ್ತಕವನ್ನು ತಿರುವುತ್ತದೆ. ಮೇಷ್ಟ್ರ ಪುಸ್ತಕದಲ್ಲಿ ನಿಮ್ಮ ಮನೆ ಇಲ್ಲವೆಂದರೆ ನೀವು ಊರಿನಲ್ಲಿ ಇದ್ದೂ ಇಲ್ಲ. ಪುಸ್ತಕದಲ್ಲಿ ‘ಮನೆ’ ಎಂದಷ್ಟೇ ಬರೆದಿದ್ದರೆ? ಅದೂ ಇಲ್ಲದ ಹಾಗೇ. ‘ಹೋಮ್’ ಎಂಬ ಟೈಟಲ್ ಮಾಡುವುದು ಅದನ್ನೇ.

ಮೇಷ್ಟ್ರು ಬಂದಾಗ ಕನ್ನಡಿಗರ ಮನೆಯಲ್ಲಿ ಆಗುವ ಮೊದಲ ಅನಾಹುತ ಹಳೆಯ ಫಾಂಟಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇದು ಇಂಗ್ಲಿಷಿನವರಿಗೆ ಬಾರದ ರೋಗ, ನಮ್ಮದೇ ರೋಗ.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ‘ಅ’ಗೆ ಒಂದು ಸಂಖ್ಯೆ, ‘ಕ’ಗೆ ಒಂದು ಸಂಖ್ಯೆ, ಜಗತ್ತಿನ ಎಲ್ಲ ಕಂಪ್ಯೂಟರಿಗೂ ಅದೇ. ಆದರೆ ಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಮೂಡಲು ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು, 2001ರಲ್ಲಿ. ಅಲ್ಲಿಯ ತನಕ ಮತ್ತು ಅದಾದ ಮೇಲೂ ವರ್ಷಾನುಗಟ್ಟಲೆ ನಮ್ಮ ಪ್ರೆಸ್ಸುಗಳು, ಡಿಟಿಪಿ ಅಂಗಡಿಗಳು, ಕಚೇರಿಗಳು ಬಳಸಿದ್ದು ಉಪಾಯದ ಫಾಂಟುಗಳನ್ನು. ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಈ ಪದದ ವೇಷ ಕಳಚಿದರೆ ಒಳಗೆ ಏನಿರುತ್ತದೆ ಗೊತ್ತೇ? ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀರು ಇರುವ ಒಂದು ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಅದೇ ಗೀರಿನ ‘ಎ’, ಜರ್ಮನ್ನರ ಒಂದು ಅಕ್ಷರ, ಒಂದು ‘ಕ್ಯೂ’, ಮತ್ತೊಮ್ಮೆ ಗೀರಿನ ‘ಎ’! ನಿಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಲಸುಮೇಲೋಗರ. ಹುಡುಕುವವನು ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದು ಬಡಿಯುತ್ತಾನೆ. ಎರಡೂ ಎಂದೂ ಕೂಡುವುದಿಲ್ಲ.

ಆ ಫಾಂಟುಗಳನ್ನು ಮಾಡಿದವರನ್ನು ಬೈಯುವುದು ಬೇಡ. ಯಾರೂ ತಿರುಗಿ ನೋಡದ ಕಾಲದಲ್ಲಿ ನುಡಿ, ಬರಹ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ಹತ್ತಿಸಿದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಇವತ್ತೂ ಕನ್ನಡ ಬಡಿಯುತ್ತಿರಲಿಲ್ಲ. ಆ ತಂತ್ರಾಂಶಗಳೇ ಈಗ ಯೂನಿಕೋಡ್ ಕೊಡುತ್ತವೆ, ಹಳೆಯದನ್ನು ಹೊಸದಕ್ಕೆ ಬದಲಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ. ಬೈಯಬೇಕಾದ್ದು ಇವತ್ತಿಗೂ ಹಳೇ ಕಡತವನ್ನು ಹಾಗೇ ಎತ್ತಿ ವೆಬ್‌ಸೈಟಿಗೆ ಹಾಕುವ ಸೋಮಾರಿತನವನ್ನು.

ಪರೀಕ್ಷೆ ಬೇಕೆ? ನಿಮ್ಮ ಪುಟದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಬದುಕಿದಿರಿ. ಚಿತ್ರವಿಚಿತ್ರ ಗುರುತು ಬಂದರೆ, ಅಷ್ಟೂ ವರ್ಷ ನೀವು ಗೋಡೆಗೆ ಮಾತಾಡಿದ್ದೀರಿ. ಸಾಲನ್ನು ನಕಲು ಮಾಡಲಿಕ್ಕೇ ಆಗದಿದ್ದರೆ? ಅದು ಅಕ್ಷರವಲ್ಲ, ಚಿತ್ರ.

ಈ ಚಿತ್ರದ ಕಾಯಿಲೆ ಈಚಿನದು. ಜಾತ್ರೆಯ ಆಹ್ವಾನ, ಗ್ರಾಮಸಭೆಯ ಸೂಚನೆ, ರಕ್ತದಾನ ಶಿಬಿರ, ಭತ್ತದ ಬಿತ್ತನೆ ಬೀಜ ಬಂದಿರುವ ಸುದ್ದಿ ಎಲ್ಲವೂ ಬಣ್ಣಬಣ್ಣದ ಪೋಸ್ಟರ್. ನಾಲ್ಕು ಮೂಲೆಗೆ ನಾಲ್ಕು ಮುಖಂಡರ ಮುಖ, ನಡುವೆ ವಿಷಯ. ಅದನ್ನೇ ಸೈಟಿಗೂ ಏರಿಸುತ್ತಾರೆ. ಯಂತ್ರ ಈಗೀಗ ಚಿತ್ರದೊಳಗಿನ ಅಕ್ಷರವನ್ನೂ ಅಷ್ಟಿಷ್ಟು ಓದಬಲ್ಲದು, ನಿಜ. ಅದನ್ನು ನಂಬಿ ಕೂರಬೇಡಿ. ಪೋಸ್ಟರ್ ಹಾಕಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ಅದೇ ವಿಷಯವನ್ನು ನಾಲ್ಕು ಸಾಲು ಅಕ್ಷರದಲ್ಲಿ ಬಡಿಯಿರಿ. ಚಿತ್ರಕ್ಕೆ ‘ಆಲ್ಟ್’ ಎಂಬ ಒಂದು ಖಾನೆ ಇರುತ್ತದೆ, ಚಿತ್ರದಲ್ಲಿ ಏನಿದೆ ಎಂದು ಅಲ್ಲಿ ಕನ್ನಡದಲ್ಲಿ ಬರೆಯಿರಿ. ಯಂತ್ರಕ್ಕಷ್ಟೇ ಅಲ್ಲ, ಕಣ್ಣು ಕಾಣದವರ ಮೊಬೈಲು ಗಟ್ಟಿಯಾಗಿ ಓದಿ ಹೇಳುವುದು ಆ ಖಾನೆಯನ್ನೇ. ಅಲ್ಲಿ ‘ಐಎಂಜಿ 2037’ ಎಂದಿದ್ದರೆ ಅವರಿಗೆ ಕೇಳಿಸುವುದೂ ಅದೇ.

ಇನ್ನೊಂದು ಕಿಡಿಗೇಡಿ ತಪ್ಪಿದೆ. ಯಳಂದೂರಿನವರಿಗೆ ಇದು ಮನೆ ಬಾಗಿಲ ತಪ್ಪು. ‘ಯಳಂದೂರು’ ಎಂಬ ಪದದಲ್ಲಿ ಒಂದು ಅನುಸ್ವಾರವಿದೆ, ನಾವು ಸೊನ್ನೆ ಎನ್ನುತ್ತೇವೆ. ಬೆರಳಚ್ಚಿಸುವ ಕೆಲವರು ಆ ಸೊನ್ನೆಯ ಜಾಗಕ್ಕೆ ನಿಜವಾಗಿಯೂ ಸೊನ್ನೆಯನ್ನೇ, ಅಂದರೆ ಅಂಕಿಯ ಸೊನ್ನೆಯನ್ನೇ ಒತ್ತುತ್ತಾರೆ. ‘ಯಳ0ದೂರು’! ನೋಡಿದಿರಾ, ಕಣ್ಣು ಹೇಗೆ ಮೋಸ ಹೋಗುತ್ತದೆ? ಮನುಷ್ಯ ಓದಿಕೊಂಡು ಮುಂದೆ ಹೋಗುತ್ತಾನೆ. ಯಂತ್ರಕ್ಕೆ ಅದು ಎರಡು ಅಕ್ಷರ, ಒಂದು ಅಂಕಿ, ಮತ್ತೆ ಎರಡು ಅಕ್ಷರ. ಅಂಥ ಊರೇ ಇಲ್ಲ. ಬೆಂಗಳೂರು, ಮಂಡ್ಯ, ಮಾಂಬಳ್ಳಿ, ಸಂತೆಮರಹಳ್ಳಿ ಯಾವುದಕ್ಕೂ ಇದೇ ಗತಿ ಬರಬಹುದು. ನಿಮ್ಮ ಸೈಟಿನ ಪ್ರತಿ ಪುಟದಲ್ಲೂ ‘0’ ಎಂದು ಹುಡುಕಿ, ಅದು ಫೋನ್ ನಂಬರಿನೊಳಗೆ ಮಾತ್ರ ಇದೆಯೇ ಎಂದು ನೋಡಿ.

ಈಗ ಟೈಟಲ್ಲಿಗೆ ಬರೋಣ. ಅಗರದ ಒಬ್ಬ ರೈತ ತೋಟದ ತೆಂಗಿನಕಾಯಿಯಿಂದ ಗಾಣದ ಎಣ್ಣೆ ತೆಗೆದು ಮಾರುತ್ತಾನೆ ಎಂದಿಟ್ಟುಕೊಳ್ಳಿ. ಅವನ ಸೈಟಿಗೆ ‘ಹೋಮ್’ ಬೇಡ. ‘ಶ್ರೀ’ಯಿಂದ ಶುರುವಾಗಿ ದೇವರ ಹೆಸರು, ಅಪ್ಪನ ಹೆಸರು, ‘ಅಂಡ್ ಸನ್ಸ್’ ಎಂದು ಮುಗಿಯುವ ಉದ್ದ ಹೆಸರೂ ಮೊದಲು ಬೇಡ, ಕೊನೆಗಿರಲಿ. ‘ಗಾಣದ ತೆಂಗಿನೆಣ್ಣೆ – ಅಗರ, ಯಳಂದೂರು ತಾಲ್ಲೂಕು’. ಮುಗಿಯಿತು. ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ. ಟೈಟಲ್ ಉದ್ದವಾದರೆ ಫಲಿತಾಂಶದ ಪಟ್ಟಿಯಲ್ಲಿ ಬಾಲ ಕತ್ತರಿಸಿ ಮೂರು ಚುಕ್ಕೆ ಬೀಳುತ್ತದೆ. ಕನ್ನಡದ ಅಕ್ಷರ ಇಂಗ್ಲಿಷಿಗಿಂತ ಅಗಲ, ಆದ್ದರಿಂದ ಬೇಗ ಬೀಳುತ್ತದೆ. ಮುಖ್ಯ ಮಾತು ಮೊದಲಿಗೇ ಇರಲಿ. ಮತ್ತೆ ಒಂದೊಂದು ಪುಟಕ್ಕೂ ಅದರದೇ ಟೈಟಲ್ ಬೇಕು. ಹತ್ತು ಪುಟಕ್ಕೆ ಒಂದೇ ಟೈಟಲ್ ಇಡುವುದು ಹತ್ತು ಮಕ್ಕಳಿಗೂ ಒಂದೇ ಹೆಸರಿಟ್ಟ ಹಾಗೆ, ಕರೆದಾಗ ಯಾರೂ ಬರುವುದಿಲ್ಲ.

ಪುಟದೊಳಗಿನ ದೊಡ್ಡ ತಲೆಬರಹಕ್ಕೂ ಇದೇ ಮಾತು. ಅಕ್ಷರ ದಪ್ಪ ಮಾಡಿ ಬಣ್ಣ ಬಳಿದರೆ ಅದು ತಲೆಬರಹವಾಗುವುದಿಲ್ಲ, ‘ಎಚ್ 1’ ಎಂಬ ಗುರುತು ಕೊಟ್ಟರೆ ಆಗುತ್ತದೆ. ವಿವರಣೆ ಎಂಬ ಇನ್ನೊಂದು ಖಾನೆ ಇದೆ, ಇಂಗ್ಲಿಷಿನಲ್ಲಿ ಮೆಟಾ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ಅದನ್ನು ತುಂಬಿದ ಮಾತ್ರಕ್ಕೆ ಮೇಲಕ್ಕೆ ಏರುವುದಿಲ್ಲ. ಆದರೆ ಟೈಟಲ್ಲಿನ ಕೆಳಗೆ ಬರುವ ಎರಡು ಸಾಲು ಬಹಳ ಸಲ ಅಲ್ಲಿಂದಲೇ ಬರುತ್ತದೆ. ಬಂದವನು ಒಳಗೆ ಕಾಲಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಎರಡು ಸಾಲು ಓದಿ. ಖಾಲಿ ಬಿಟ್ಟರೆ ಗೂಗಲ್ ತನಗೆ ತೋಚಿದ್ದನ್ನು ಹೆಕ್ಕಿ ಹಾಕುತ್ತದೆ.

ಅಗರದ ಪುಟಕ್ಕೆ ‘ಅಗರ’ ಎಂದಷ್ಟೇ ಬರೆದರೆ ಸಾಲದು ಎಂದು ಮೊದಲೇ ನೋಡಿದೆವು. ಹಾಗಾದರೆ ಏನು ಬರೆಯಬೇಕು? ಇಲ್ಲಿ ಚರಿತ್ರೆ ಬರುತ್ತದೆ ನೋಡಿ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರು, ಮೈಸೂರು ಸಂಸ್ಥಾನದ ಸೀಮೆ. ಪಕ್ಕದ ಕೊಳ್ಳೇಗಾಲವೋ 1956ರ ನವೆಂಬರ್ 1ರ ತನಕ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದೇ ಸಂತೆಗೆ ಹೋಗುವ ಜನ, ಒಂದೇ ಮಾದಪ್ಪನಿಗೆ ಉಘೇ ಎನ್ನುವ ಜನ, ಎರಡು ಸರ್ಕಾರಗಳ ಕಾಗದದಲ್ಲಿ ಹಂಚಿಹೋಗಿದ್ದರು. ಆಮೇಲೆ ಎಲ್ಲವೂ ಮೈಸೂರು ಜಿಲ್ಲೆಯಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಹನೂರು ಕೊಳ್ಳೇಗಾಲದಿಂದ ಒಡೆದು ಬೇರೆ ತಾಲ್ಲೂಕಾಯಿತು. ಇವತ್ತು ಅಗರದವನು ಯಳಂದೂರು ತಾಲ್ಲೂಕಿನವನು, ಓಟು ಹಾಕುವುದು ಕೊಳ್ಳೇಗಾಲ ಕ್ಷೇತ್ರಕ್ಕೆ, ಜಿಲ್ಲೆ ಚಾಮರಾಜನಗರ, ‘ಯಾವ ಕಡೆಯವರು’ ಎಂದು ಬೆಂಗಳೂರಿನಲ್ಲಿ ಕೇಳಿದರೆ ‘ಮೈಸೂರು ಕಡೆ’ ಎನ್ನುತ್ತಾನೆ. ಹುಡುಕುವವನು ಇವುಗಳಲ್ಲಿ ಯಾವ ಹೆಸರು ಹಿಡಿದು ಬರುತ್ತಾನೋ ಹೇಳಬಲ್ಲಿರಾ? ಆದ್ದರಿಂದ ಪುಟದಲ್ಲಿ ಎಲ್ಲೋ ಒಂದು ಕಡೆ ಸಹಜವಾದ ವಾಕ್ಯದಲ್ಲಿ ಅಷ್ಟೂ ಬರಬೇಕು. ‘ನಮ್ಮ ಗಾಣ ಚಾಮರಾಜನಗರ ಜಿಲ್ಲೆ ಯಳಂದೂರು ತಾಲ್ಲೂಕಿನ ಅಗರದಲ್ಲಿದೆ. ಕೊಳ್ಳೇಗಾಲದಿಂದ ಬರುವವರು ಇಂಥ ಕಡೆ ಇಳಿಯಬೇಕು, ಮೈಸೂರಿನಿಂದ ಬರುವವರು ಇಂಥ ಬಸ್ಸು ಹಿಡಿಯಬೇಕು.’ ದಾರಿ ಹೇಳಿದ ಹಾಗೂ ಆಯಿತು, ಯಂತ್ರಕ್ಕೆ ಗುರುತು ಕೊಟ್ಟ ಹಾಗೂ ಆಯಿತು. ವಿಳಾಸ, ಪಿನ್‌ಕೋಡ್, ಫೋನ್ ನಂಬರು ಅಕ್ಷರದಲ್ಲೇ ಇರಲಿ, ವಿಸಿಟಿಂಗ್ ಕಾರ್ಡಿನ ಫೋಟೋದಲ್ಲಲ್ಲ!

ಜನ ಆಡುವ ಮಾತಿಗೂ ನೀವು ಬರೆಯುವ ಮಾತಿಗೂ ಇರುವ ದೂರವನ್ನೂ ನೋಡಿಕೊಳ್ಳಿ. ನಿಮ್ಮ ಪುಟದಲ್ಲಿ ‘ಪುಣ್ಯಕ್ಷೇತ್ರ ಶ್ವೇತಾದ್ರಿ’ ಎಂದಿರುತ್ತದೆ. ಹುಡುಕುವವನು ‘ಬಿಳಿಗಿರಿರಂಗನ ಬೆಟ್ಟ’ ಎನ್ನುತ್ತಾನೆ, ಪೇಟೆಯವನು ‘ಬಿಆರ್ ಹಿಲ್ಸ್’ ಎನ್ನುತ್ತಾನೆ, ಫೋನಿಗೆ ಬಾಯಿಂದಲೇ ಹೇಳುವ ಅವ್ವ ‘ಬೆಟ್ಟಕ್ಕೆ ಬಸ್ಸು ಎಷ್ಟೊತ್ತಿಗೆ’ ಎನ್ನುತ್ತಾಳೆ. ಆ ಅವ್ವನ ಪ್ರಶ್ನೆಯನ್ನೇ ಒಂದು ತಲೆಬರಹ ಮಾಡಿ, ಕೆಳಗೆ ಉತ್ತರ ಬರೆದರೆ ಯಾರಪ್ಪನ ಮನೆ ಗಂಟು ಹೋಗುತ್ತದೆ? ಸಂಸ್ಕೃತದ ಜರತಾರಿ ಹೊದಿಸಿದರೆ ಗೌರವ ಬರುತ್ತದೆಂದು ಭಾವಿಸಿದವರು ತಮ್ಮ ಜನವನ್ನೇ ಬಾಗಿಲ ಹೊರಗೆ ನಿಲ್ಲಿಸುತ್ತಾರೆ.

ಹಾಗೆಂದು ಊರ ಹೆಸರನ್ನು ಐವತ್ತು ಸಲ ತುರುಕಬೇಡಿ. ‘ಅಗರ ಎಣ್ಣೆ, ಅಗರದ ಎಣ್ಣೆ, ಅಗರದಲ್ಲಿ ಎಣ್ಣೆ, ಉತ್ತಮ ಎಣ್ಣೆ ಅಗರ’ ಎಂದು ಮಂತ್ರ ಜಪಿಸುವ ಪುಟಗಳನ್ನು ನೋಡಿಲ್ಲವೇ? ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದ ಬಚ್ಚಿಡುವ ಜಾಣರೂ ಇದ್ದಾರೆ. ಇದೆಲ್ಲ ಗೂಗಲ್‌ನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪುಟ ಕೆಳಗೆ ಬೀಳುತ್ತದೆ ಅಥವಾ ಪಟ್ಟಿಯಿಂದಲೇ ಹೊರಗೆ.

ಇಲ್ಲಿ ಒಂದು ದಗಲ್ಬಾಜಿಯ ಮಾತು ಹೇಳಲೇಬೇಕು. ‘ಎಸ್‌ಇಒ ಮಾಡಿಕೊಡುತ್ತೇವೆ, ನಿಮ್ಮ ಸೈಟಿಗೆ ನೂರು ಕೀವರ್ಡ್ ಹಾಕುತ್ತೇವೆ, ಇಷ್ಟು ಸಾವಿರ ಕೊಡಿ’ ಎಂದು ಫೋನ್ ಮಾಡುವ ಪಡೆಯೇ ಇದೆ. ಅವರು ಹಾಕುವುದು ಮೆಟಾ ಕೀವರ್ಡ್ ಎಂಬ ಖಾನೆಯಲ್ಲಿ. ಆ ಖಾನೆಯನ್ನು ತಾನು ಫಲಿತಾಂಶದ ಸ್ಥಾನ ನಿರ್ಧರಿಸಲು ನೋಡುವುದೇ ಇಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ! ಅಷ್ಟು ವರ್ಷದ ಹಿಂದೆ ಸತ್ತ ಹಸುವಿನ ಹಾಲು ಮಾರುವವರು ಇವರು. ಅಗರದ ಗಾಣದವನು ಕೊಡುವ ಆ ಸಾವಿರಗಳು ಎಷ್ಟು ಡಬ್ಬ ಎಣ್ಣೆಯ ಲಾಭ ಎಂದು ಲೆಕ್ಕ ಹಾಕಿ. ನೀವು ಪಕ್ಕದಲ್ಲಿ ಕೂತು ಒಂದು ಭಾನುವಾರ ಮಾಡಿಕೊಡಬಹುದಾದ ಕೆಲಸಕ್ಕೆ!

‘ಇರಲಿ, ಆದರೆ ಗಿರಾಕಿ ಬರುವುದು ಇಂಗ್ಲಿಷಿನಿಂದಲೇ ಅಲ್ಲವೇ, ಕನ್ನಡದಲ್ಲಿ ಯಾರು ಹುಡುಕುತ್ತಾರೆ’ ಎಂದು ನಿಮ್ಮಲ್ಲೇ ಕೆಲವರು ಮೂಗು ಮುರಿಯುತ್ತೀರಿ. ಇದು ಉತ್ತರ ಕೊಡಬೇಕಾದ ಪ್ರಶ್ನೆಯೇ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅವರ ಕೈಗೆಲ್ಲ ಮೊಬೈಲ್ ಬಂದಿದೆ. ಇಂಗ್ಲಿಷಿನಲ್ಲಿ ‘ತೆಂಗಿನೆಣ್ಣೆ’ ಎಂದರೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಜತೆ ನೂಕುನುಗ್ಗಲು. ಕನ್ನಡದಲ್ಲಿ ಸಾಲು ಚಿಕ್ಕದು, ಮುಂದೆ ನಿಲ್ಲುವ ಅವಕಾಶ ಇರುವುದು ಅಲ್ಲಿ. ಅಷ್ಟಕ್ಕೂ ಇಂಗ್ಲಿಷ್ ಬೇಡ ಎಂದವರು ಯಾರು? ಬೆಟ್ಟಕ್ಕೆ ಬರುವ ಹೊರಗಿನವರಿಗೆ ಇಂಗ್ಲಿಷಿನ ಪುಟ ಬೇಕೇಬೇಕು. ಆದರೆ ಅದು ಬೇರೆ ಪುಟವಾಗಿರಲಿ, ಬೇರೆ ವಿಳಾಸದಲ್ಲಿರಲಿ. ಒಂದೇ ಪುಟದಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್ ಬೆರೆಸಿದರೆ ಇದು ಯಾವ ಭಾಷೆಯ ಪುಟ ಎಂದು ಯಂತ್ರಕ್ಕೆ ಗೊಂದಲ. ಎರಡು ಪುಟ ಮಾಡಿ, ‘ಇದರ ಕನ್ನಡ ರೂಪ ಅಲ್ಲಿದೆ, ಇಂಗ್ಲಿಷ್ ರೂಪ ಇಲ್ಲಿದೆ’ ಎಂದು ಒಂದಕ್ಕೊಂದು ಗುರುತು ಹಾಕಿ, ಅದಕ್ಕೆ ‘ಎಚ್‌ರೆಫ್‌ಲ್ಯಾಂಗ್’ ಎಂಬ ಸಾಲು ಇದೆ. ಗುಂಡಿ ಒತ್ತಿದರೆ ಅಲ್ಲೇ ಅನುವಾದವಾಗುವ ಪೆಟ್ಟಿಗೆಯನ್ನು ಅಂಟಿಸಿ ‘ನಮ್ಮದು ಕನ್ನಡದಲ್ಲೂ ಇದೆ’ ಎನ್ನಬೇಡಿ. ಆ ಕನ್ನಡಕ್ಕೆ ತನ್ನದೇ ವಿಳಾಸವಿಲ್ಲ, ಮೇಷ್ಟ್ರು ಅದನ್ನು ಬರೆದುಕೊಳ್ಳುವುದೂ ಇಲ್ಲ. ಅದರ ಕನ್ನಡವೋ, ದೇವರಿಗೇ ಪ್ರೀತಿ.

ಟೆಂಪ್ಲೇಟಿನ ಮೊದಲ ಸಾಲಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದು ಮೊದಲೇ ಬರೆದಿರುತ್ತಾರೆ. ಕನ್ನಡ ಪುಟಕ್ಕೆ ಅದನ್ನು ಕನ್ನಡ ಎಂದು ತಿದ್ದಿ, ‘ಕೆಎನ್’ ಎಂಬ ಎರಡಕ್ಷರ. ಗೂಗಲ್ ಭಾಷೆಯನ್ನು ತೀರ್ಮಾನಿಸುವುದು ಪುಟದಲ್ಲಿ ಕಾಣುವ ಅಕ್ಷರ ನೋಡಿಯೇ ಹೊರತು ಈ ಎರಡಕ್ಷರ ನೋಡಿ ಅಲ್ಲ. ಆದರೂ ತಿದ್ದಿ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದು ಬೇಕು.

2021ರ ಜೂನ್ ಮೊದಲ ವಾರ ನೆನಪಿದೆಯೇ? ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರೆ, ಗೂಗಲ್ ಪೆಟ್ಟಿಗೆ ಕಟ್ಟಿ ದಪ್ಪ ಅಕ್ಷರದಲ್ಲಿ ‘ಕನ್ನಡ’ ಎಂದಿತು. ನಮ್ಮ ರಕ್ತ ಕುದಿಯಿತು. ಕುದಿಯಲೇಬೇಕಿತ್ತು. ಮಂತ್ರಿ ಅರವಿಂದ ಲಿಂಬಾವಳಿ ನೋಟಿಸು ಕೊಡುತ್ತೇವೆಂದರು, ಪಕ್ಷಭೇದವಿಲ್ಲದೆ ಎಲ್ಲರೂ ಗುಡುಗಿದರು, ಜೂನ್ 3ರಂದು ಗೂಗಲ್ ಕ್ಷಮೆ ಕೇಳಿತು. ಸರಿ. ಆದರೆ ಆ ಉತ್ತರ ಎಲ್ಲಿಂದ ಬಂತು ಎಂದು ಕೇಳಿದವರು ಎಷ್ಟು ಜನ? ಯಾರೂ ಹೆಸರು ಕೇಳದ ಒಂದು ಸೈಟಿನ ಯಾವುದೋ ಪುಟದಿಂದ. ಯಂತ್ರಕ್ಕೆ ಸ್ವಂತ ಅಭಿಪ್ರಾಯವಿರಲಿಲ್ಲ. ಆ ಪ್ರಶ್ನೆಯ ಪದಗಳಿಗೆ ಹೊಂದುವ ಸಾಲು ಅಲ್ಲಿ ಅಕ್ಷರದಲ್ಲಿತ್ತು, ಯಂತ್ರ ಅದನ್ನು ಎತ್ತಿ ಮೆರೆಸಿತು. ಒಬ್ಬ ಅಡ್ಡಕಸುಬಿಯ ಒಂದು ಸಾಲಿಗೆ ಅಷ್ಟು ಬಲವಿದ್ದರೆ, ನಾಲ್ಕು ಕೋಟಿ ಜನ ಸರಿಯಾಗಿ ಬರೆದ ಪುಟಗಳಿಗೆ ಎಷ್ಟು ಬಲವಿರಬೇಕಿತ್ತು? ಕ್ಷಮೆ ಕೇಳಿಸಿದ ಮರುದಿನ ನಾವು ಏನು ಬರೆದೆವು? ಈಗಂತೂ ಹುಡುಕು ಯಂತ್ರದ ನೆತ್ತಿಯ ಮೇಲೆ ಎಐ ಬಂದು ಕೂತು ತಾನೇ ಉತ್ತರ ಹೇಳುತ್ತಿದೆ. ಅದು ಹೆಕ್ಕುವುದೂ ಪುಟಗಳಿಂದಲೇ. ಅಗರದ ಬಗ್ಗೆ, ಸೋಲಿಗರ ಬಗ್ಗೆ, ಮಂಟೇಸ್ವಾಮಿ ಮಾದಪ್ಪರ ಬಗ್ಗೆ ಕನ್ನಡದಲ್ಲಿ ಓದಬಲ್ಲ ಪುಟವಿಲ್ಲದಿದ್ದರೆ, ಬೇರೆಯವರು ಬೇರೆ ಭಾಷೆಯಲ್ಲಿ ಬರೆದದ್ದನ್ನೇ ಅರೆಬೆಂದ ಕನ್ನಡಕ್ಕೆ ತಿರುಗಿಸಿ ನಿಮ್ಮ ಅವ್ವನಿಗೆ ಹೇಳುತ್ತದೆ. ಅವಳ ಊರಿನ ವಿಷಯವನ್ನು ಅವಳಿಗೇ!

ಉಳಿದ ಸಣ್ಣಪುಟ್ಟದ್ದು ಬೇಗ ಹೇಳಿ ಮುಗಿಸುತ್ತೇವೆ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಕೊಂಡಿ ಬೇಡ. ‘ಗಾಣದ ಎಣ್ಣೆಯ ಬೆಲೆಪಟ್ಟಿ’ ಎಂದೇ ಬರೆದು ಅದಕ್ಕೆ ಕೊಂಡಿ ಹಾಕಿ, ಆ ಪುಟದಲ್ಲಿ ಏನಿದೆ ಎಂದು ಮೇಷ್ಟ್ರಿಗೆ ಹೋಗುವ ಮೊದಲೇ ತಿಳಿಯುತ್ತದೆ. ಯಾವ ಪುಟದಿಂದಲೂ ಕೊಂಡಿಯಿಲ್ಲದ ಅನಾಥ ಪುಟ ಇರಬಾರದು. ಪುಟದ ವಿಳಾಸ ಕನ್ನಡದಲ್ಲಿ ಇಟ್ಟರೆ ತಪ್ಪೇನಿಲ್ಲ, ಗೂಗಲ್ ಓದುತ್ತದೆ. ಆದರೆ ನಕಲು ಮಾಡಿ ಅಂಟಿಸುವಾಗ ‘ಅಗರ’ ಎಂಬ ಮೂರಕ್ಷರ ಶೇಕಡಾ ಚಿಹ್ನೆಗಳ 27 ಅಕ್ಷರದ ಸರಪಳಿಯಾಗಿ ಹಿಗ್ಗುತ್ತದೆ, ನೋಡಿದವರು ವೈರಸ್ಸೆಂದು ಹೆದರುತ್ತಾರೆ. ನಮ್ಮ ಮಟ್ಟಿಗೆ, ಟೈಟಲ್, ತಲೆಬರಹ, ಮೈತುಂಬ ಕನ್ನಡವಿದ್ದು ವಿಳಾಸ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಅಭಿಮಾನಕ್ಕೆ ಕುಂದಿಲ್ಲ. ಯಾವುದಾದರೂ ಇಡಿ, ಇಟ್ಟ ಮೇಲೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ‘301’ ಎಂಬ ಏರ್ಪಾಡು ಮಾಡಿ. ಫೋಟೋಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಐದೈದು ಎಂಬಿ ಏರಿಸಬೇಡಿ, ಕಾಡಂಚಿನ ಸಿಗ್ನಲ್ಲಿನಲ್ಲಿ ಪುಟ ತೆರೆಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಗೂಗಲ್ ಈಗ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ ಓದಿ ದಾಖಲಿಸುತ್ತದೆ, ಆ ಬದಲಾವಣೆ 2023ರಲ್ಲಿ ಪೂರ್ತಿಯಾಯಿತು. ಕಂಪ್ಯೂಟರಿನಲ್ಲಿ ಚೆಂದ ಕಂಡರೆ ಸಾಲದು.

ಕೊನೆಗೆ ಬೀಗದ ವಿಷಯ. ಸೈಟ್ ಕಟ್ಟುವಾಗ, ಇನ್ನೂ ಮುಗಿದಿಲ್ಲ ಯಾರೂ ಬರಬೇಡಿ ಎಂದು ಯಂತ್ರಕ್ಕೆ ಹೇಳುವ ಒಂದು ಗುರುತು ಹಾಕಿರುತ್ತೀರಿ. ವರ್ಡ್‌ಪ್ರೆಸ್ಸಿನ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಎಂಬಲ್ಲಿ ಒಂದು ಚಿಕ್ಕ ಚೌಕ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಮೇಲೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಇವತ್ತು ರಾತ್ರಿಯೇ ನೋಡಿ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಜೋಡಿ ಚುಕ್ಕೆ ಇಟ್ಟು, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಬಡಿಯಿರಿ. ಪುಟಗಳು ಸಾಲಾಗಿ ಬಂದರೆ ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಒಂದೂ ಬರದಿದ್ದರೆ ಮೊದಲು ಆ ಚೌಕ ನೋಡಿ.

ಆಮೇಲೆ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನದೇ ಉಚಿತ ಸೌಲಭ್ಯದಲ್ಲಿ ಸೈಟನ್ನು ನೋಂದಾಯಿಸಿ, ಪುಟಗಳ ಪಟ್ಟಿ, ಅಂದರೆ ಸೈಟ್‌ಮ್ಯಾಪ್ ಕೊಡಿ. ಕೆಲವು ದಿನವಾಗಬಹುದು, ಕೆಲವು ವಾರವೂ ಆಗಬಹುದು. ವಾರದಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎನ್ನುವವನಿಗೆ ಮುಂಗಡ ಕೊಡಬೇಡಿ, ಹಾಗೆ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲವೆಂದು ಗೂಗಲ್ಲೇ ಹೇಳುತ್ತದೆ. ತಿಂಗಳು ಕಳೆದ ಮೇಲೆ ಕನ್ಸೋಲ್ ತೆರೆದು, ಜನ ಏನು ಬಡಿದಾಗ ನಿಮ್ಮ ಪುಟ ಕಾಣಿಸಿತು ಎಂಬ ಪಟ್ಟಿ ನೋಡಿ. ಅದನ್ನು ನಿಮ್ಮ ಅಪ್ಪನನ್ನೋ ಚಿಕ್ಕಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿ. ‘ಈ ಮಾತಿಗೆ ನಾವು ಹಿಂಗನ್ನಲ್ವಲ್ಲ ಕಣಪ್ಪ’ ಎಂದು ಅವರು ಹೇಳುವ ಪದ ಯಾವುದೋ, ಅದನ್ನು ಪುಟಕ್ಕೆ ಸೇರಿಸಿ.